ಕೋಲು ಹಿಡಿಯುವ ಕೆಲಸ

ಕೋಲು ಯಾರು ಹಿಡಿಯಬೇಕೆಂಬ ಘನಗಂಭೀರ ಪ್ರಶ್ನೆ ಅಂದು ದ್ವೀಪದ ನಟ್ಟನಡುವೆ ಇತ್ಯರ್ಥವಾಗಬೇಕಾಯಿತು. ಮೊಟ್ಟೆಯಿಟ್ಟ ಕಡಲಹಕ್ಕಿಗಳು ಎಲ್ಲಕ್ಕಿಂತ ಎತ್ತರದಲ್ಲಿರುವುದಕ್ಕೇ ಎರಗುತ್ತವೆ. ಹಾಗಾಗಿ ಒಬ್ಬ ಗೂಡು ಎಣಿಸುವಾಗ ಇನ್ನೊಬ್ಬ ಇಬ್ಬರ ತಲೆಯ ಮೇಲೂ ಕೋಲೆತ್ತಿ ನಿಲ್ಲಬೇಕು. ಮೂರು ವರ್ಷದಿಂದ ಎಣಿಕೆ ಭಾವನದು, ಕೋಲು ಮೈದುನನದು.

"ಭಾವ, ಕೈ ನೋಡಿ, ಮಾಂಸ ಕಾಣ್ತಿದೆ. ಸ್ವಲ್ಪ ಹೊತ್ತು ನೀವು ಹಿಡೀರಿ."

"ಇನ್ನೂರ ತೊಂಬತ್ತು. ಗೂಡು ಮುನ್ನೂರು ದಾಟದಿದ್ರೆ ದ್ವೀಪಕ್ಕಿರೋ ಸರ್ಕಾರದ ರಕ್ಷಣೆ ಹೋಗುತ್ತೆ, ಗಣಿಯವರು ಬಂದು ಕೂರ್ತಾರೆ. ಎಣಿಸೋಕೆ ವರ್ಷಕ್ಕೆ ಒಂದೇ ಸಲ ಇಲ್ಲಿಗೆ ಬಿಡೋದು ನಮ್ಮನ್ನ, ನಿನಗೆ ಕೈಯ ಚಿಂತೆ. ಇನ್ನೂರ ತೊಂಬತ್ತೊಂದು. ನಿಮ್ಮಕ್ಕ ಮೊದಲೇ ಹೇಳಿದ್ಳು, ತಮ್ಮ ಮೈಗಳ್ಳ ಅಂತ."

ಮೈದುನ ಕೋಲನ್ನು ಬಂಡೆಗೆ ಬಡಿದು ಎರಡು ತುಂಡು ಮಾಡಿ, ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಈಗ ಅಲ್ಲಿ ಎತ್ತರವಾಗಿದ್ದದ್ದು ಭಾವನ ಬೋಳುತಲೆಯೊಂದೇ. ಮೊದಲನೆಯ ಹಕ್ಕಿ ನೆತ್ತಿ ಸೀಳಿತು, ಎರಡನೆಯದು ಕಿವಿ ಹರಿಯಿತು. ಬೈಯಲೆಂದು ಅವನು ಮುಖವೆತ್ತಿದಾಗ ಮೂರನೆಯದು ಕಣ್ಣಿಗೇ ಕುಕ್ಕಿತು. ಭಾವ ಮುಖ ಮುಚ್ಚಿಕೊಂಡು ಉರುಳಿದ; ಬೆರಳಸಂದಿಯಿಂದ ರಕ್ತ ಧಾರೆಯಾಗಿ ಇಳಿಯಿತು. ಮೈದುನ ಅವನ ಮೇಲೆ ಕವುಚಿಬಿದ್ದು ತನ್ನ ಬೆನ್ನನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟ. ಅಂಗಿ ಚಿಂದಿಯಾಯಿತು, ಆಮೇಲೆ ಚರ್ಮ.

"ನಡೀರಿ ದೋಣಿಗೆ. ಮುನ್ನೂರ ಹತ್ತು ಅಂತ ಬರೀತೀನಿ. ಕಣ್ಣೆದುರಿಗೇ ಇವೆಯಲ್ಲ ಭಾವ, ಗುಡ್ಡೆಗುಡ್ಡೆ."

"ಎಣಿಸದ ಗೂಡನ್ನ ನಾನು ಯಾವತ್ತೂ ಬರೆದಿಲ್ಲ," ಎಂದ ಭಾವ, ಅವನ ಎದೆಯಡಿಯಿಂದಲೇ. "ಬರಿ. ಇನ್ನೂರ ತೊಂಬತ್ತೊಂದು."

ಮೈದುನ ಹಾಗೇ ಬರೆದ. ವಾರದೊಳಗೆ ಭಾವನ ಎಡಗಣ್ಣು ಹೋಯಿತು, ಚಳಿಗಾಲದ ಹೊತ್ತಿಗೆ ದ್ವೀಪದ ರಕ್ಷಣೆ ಹೋಯಿತು.