ಬಟ್ಟೆ ಹೊದ್ದು ಮಲಗಿದ್ದ ಕಾರು

ಮೂರು ವರ್ಷದ ವಾರಂಟಿ ಮುಗಿದು ಹತ್ತು ದಿನಕ್ಕೆ ಇಂಜಿನ್ ಕೈಕೊಟ್ಟಿತ್ತು. ಇಂಥ ಗಿರಾಕಿಗಳನ್ನು ದಿನಕ್ಕೆ ನಾಲ್ಕು ಜನರನ್ನಾದರೂ ಸಾಗಹಾಕುತ್ತಿದ್ದ ಶೋರೂಮ್ ಮ್ಯಾನೇಜರ್, ಎದುರು ಕೂತ ಹೆಂಗಸನ್ನು ಬಿಟ್ಟು ಬಾಗಿಲ ಕಡೆ ನೋಡಿದ.

“ಸಾರ್ ಬರಲಿಲ್ವಾ ಮೇಡಂ? ಇಂಜಿನ್ ವಿಷಯ ನಿಮಗೆ ಹೇಳಿ ಏನು ಪ್ರಯೋಜನ?”

“ಕಾರು ನನ್ನದು, ನನಗೇ ಹೇಳಿ. ಬಿಲ್, ನಂಬರ್ ಪ್ಲೇಟ್ ಎಲ್ಲಾ ಆಗಿದ್ದು ಆಷಾಢದ ಆಫರ್‌ನಲ್ಲಿ. ಆಷಾಢದಲ್ಲಿ ಹೊಸ ಕಾರು ಮನೆಗೆ ತರಬಾರದು ಅಂತ ಒಂದು ತಿಂಗಳು ಇಲ್ಲೇ ಬಿಟ್ಟಿದ್ದೆ. ವಾರಂಟಿ ನಾನು ಒಯ್ದ ದಿನದಿಂದ ತಾನೇ?”

ಮ್ಯಾನೇಜರ್ ಹೊಟ್ಟೆ ಕುಣಿಸಿಕೊಂಡು ನಕ್ಕ.

“ಆಫರ್‌ಗೆ ಆಷಾಢ ಬೇಕು, ವಾರಂಟಿಗೆ ಶ್ರಾವಣ ಬೇಕಾ? ಬಿಲ್ ಆದ ಗಳಿಗೆಯಿಂದಲೇ ಕಾರು ನಿಮ್ಮದು ಮೇಡಂ. ಆ ತಿಂಗಳು ಪೂರ್ತಿ ನಮ್ಮ ಶೆಡ್ಡಲ್ಲಿ ಬಟ್ಟೆ ಹೊದ್ದು ಮಲಗಿತ್ತು. ಆಮೇಲೆ ನೀವು ಓಡಿಸಿದ ಚಂದಕ್ಕೆ ಇಂಜಿನ್ ಹೋಗಿದೆ.”

“ಆ ತಿಂಗಳು ಯಾರೂ ಮುಟ್ಟಲಿಲ್ವಾ?”

“ದೇವರಾಣೆಗೂ ಇಲ್ಲ.”

ಅವಳು ಮೊಬೈಲ್ ತೆಗೆದಳು. “ಟ್ರಾಫಿಕ್ ಪೊಲೀಸರು ಹಳೇ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿದ್ದಾರಲ್ಲ, ನನ್ನ ಕಾರಿಂದೇನಾದ್ರೂ ಇದೆಯಾ ಅಂತ ನಿನ್ನೆ ಹುಡುಕಿದೆ. ಆ ಆಷಾಢದ್ದೇ ಒಂದು ಸಿಕ್ಕಿತು. ಸೀಟ್ ಬೆಲ್ಟ್ ಹಾಕಿಲ್ಲ ಅಂತ ಕ್ಯಾಮೆರಾ ಹಿಡಿದಿದೆ. ಓಡಿಸಿದ ಚಂದ ನೀವೇ ನೋಡಿ.”

ಮ್ಯಾನೇಜರ್ ಫೋಟೊ ದೊಡ್ಡದು ಮಾಡಿದ. ನಂಬರು ಅವಳ ಕಾರಿನದೇ; ಸ್ಟೇರಿಂಗ್ ಹಿಡಿದು ಹಲ್ಲು ಕಿರಿಯುತ್ತ ಕೂತಿದ್ದವನು ಅವನೇ, ಪಕ್ಕದಲ್ಲಿ ಬುತ್ತಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡ ಅವನ ಅತ್ತೆ.