ತಳಕ್ಕಿಳಿದ ಕಪ್ಪು

ಅಣ್ಣನ ಕೈಯಿಂದ ಇಕ್ಕಳ ಕಿತ್ತುಕೊಂಡವಳೇ ತಂಗಿ ಹಬೆಯಾಡುತ್ತಿದ್ದ ತೊಟ್ಟಿಯ ಮೇಲೆ ಬಾಗಿದಳು.

"ಗ್ಲೌಸ್ ಹಾಕ್ಕೋ. ಕಾಸ್ಟಿಕ್ ನೀರು ಅದು, ಚರ್ಮ ಕಿತ್ತು ಬರತ್ತೆ."

"ಮೊದಲು ಬೆಂಕಿ ಆರಿಸು."

ಅವನು ಕದಲಲಿಲ್ಲ. ಅವಳೇ ಬಗ್ಗಿ ಒಲೆಯ ಗುಂಡಿ ತಿರುಗಿಸಿದಳು.

ಆಸ್ಪತ್ರೆಯವರು ಬಿಸಾಡಿದ ಎಕ್ಸ್‌ರೇ ಫಿಲ್ಮುಗಳು ಈ ತೊಟ್ಟಿಗೆ ಬಿದ್ದರೆ ಮೈಮೇಲಿನ ಕಪ್ಪೆಲ್ಲ ಕಳಚಿಕೊಂಡು ತಳ ಸೇರುತ್ತದೆ. ಆ ಕೆಸರನ್ನು ಒಣಗಿಸಿ ಮೂಸೆಯಲ್ಲಿ ಕರಗಿಸಿದರೆ ಬೆಳ್ಳಿ. ಮನೆಯ ಒಲೆ ಉರಿಯುವುದೂ ಅದರಿಂದಲೇ. ಮುರಿದು ನೆಟ್ಟಗೆ ಕೂಡಿಕೊಳ್ಳದ ಅವಳ ಬಲ ಮಣಿಕಟ್ಟಿಗೆ ಇಕ್ಕಳ ನಿಲ್ಲಲಿಲ್ಲ. ಎಡಗೈಯಲ್ಲೇ ಫಿಲ್ಮುಗಳನ್ನು ಒಂದೊಂದಾಗಿ ಎತ್ತಿದಳು. ಯಾರದೋ ಎದೆಗೂಡು, ಅರ್ಧ ಅಳಿಸಿತ್ತು. ಯಾರದೋ ಮಂಡಿ, ಅದೂ ನೋಡುನೋಡುತ್ತಲೇ ಜಾರಿಹೋಯಿತು.

"ಊರವರ ಮೂಳೆಯೆಲ್ಲ ತೊಳೆದಿದ್ದೀವಿ, ಒಬ್ಬರೂ ಕೇಳ್ಕೊಂಡು ಬಂದಿಲ್ಲ. ನಿನ್ನದೇ ಒಂದು ಗಲಾಟೆ," ಅಣ್ಣ ನಗಲು ನೋಡಿದ.

"ಅವರಿಗೆ ಯಾರಿಗೂ ನಾಳೆ ಕೋರ್ಟಿಲ್ಲ."

ಅವಳು ಹುಡುಕುತ್ತಿದ್ದ ಫಿಲ್ಮು, ಗಂಡ ಬಾಗಿಲಿಗೆ ಸಿಕ್ಕಿಸಿ ಮುರಿದ ಅವಳದೇ ಕೈಯದು. ಜಡ್ಜರ ಮುಂದೆ ಹಿಡಿಯಲು ಅವಳ ಬಳಿ ಇದ್ದದ್ದು ಅದೊಂದೇ. ಭದ್ರವಾಗಿರಲೆಂದು ಕವರಿನಲ್ಲಿ ಹಾಕಿ ಅಣ್ಣನ ಬೀರುವಿನಲ್ಲಿಟ್ಟಿದ್ದಳು. ಗುರುತಿಗೆ ಮೂಲೆಯಲ್ಲೊಂದು ಕೆಂಪು ದಾರ ಪೋಣಿಸಿದ್ದಳು.

ದಾರ ಸಿಕ್ಕಿತು. ಅದರ ಬೆನ್ನಿಗೇ ಫಿಲ್ಮೂ ಬಂತು. ಬಕೆಟ್ಟಿನ ನೀರಿನಲ್ಲಿ ತೊಳೆದು ಕಿಟಕಿಗೆ ಹಿಡಿದಳು. ಬರಿಯ ತಿಳಿನೀಲಿ ಹಾಳೆ. ಅದರಾಚೆ ಎದುರುಮನೆಯ ಗೋಡೆ, ಒಣಹಾಕಿದ ಚಾದರ, ಒರಗಿಸಿಟ್ಟ ಸೈಕಲ್ಲು, ಎಲ್ಲ ನಿಚ್ಚಳವಾಗಿ ಕಂಡವು. ಅವಳ ಮೂಳೆಯೊಂದು ಬಿಟ್ಟು.

"ಗಡಿಬಿಡೀಲಿ ಆಸ್ಪತ್ರೆ ಕಟ್ಟಿನ ಜೊತೆ ಸೇರ್ಕೊಂಡ್ಬಿಟ್ಟಿದೆ ಕಣೆ."

"ಸೇರ್ಕೊಳ್ತು, ಸರಿ. ಖಾಲಿ ಕವರನ್ನ ಮಡಚಿ ವಾಪಸ್ ಬೀರೂಲಿ ಇಟ್ಟಿದ್ದು ಯಾರು?"

ಅಣ್ಣ ತೊಟ್ಟಿಯ ಅಂಚನ್ನು ಬಟ್ಟೆಯಿಂದ ಸುಮ್ಮನೆ ಒರೆಸಿದ.

"ಆಸ್ಪತ್ರೆ ಗೋದಾಮು ನಿನ್ನ ಗಂಡನ ಕೈಯಲ್ಲಿದೆ. ನೀನು ಅದನ್ನ ಕೋರ್ಟಲ್ಲಿ ತೋರಿಸಿ, ಅವನು ನಮಗೆ ಫಿಲ್ಮು ಕೊಡೋದು ನಿಲ್ಲಿಸಿದ ಅಂದ್ರೆ ನಾಳೆಯಿಂದ ಈ ಶೆಡ್ಡಿಗೆ ಬೀಗ. ನೀನೂ ಇದೇ ಮನೇಲಿ ತಾನೇ ಉಣ್ಣೋದು?"

ಅವಳು ಫಿಲ್ಮನ್ನು ಇನ್ನೂ ಕಿಟಕಿಗೇ ಹಿಡಿದಿದ್ದಳು. ಅವನು ಕಪಾಟಿನೊಳಗಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದ. ಇನ್ನೂ ಮಸಿ ಮೆತ್ತಿದ್ದ ಬೆಳ್ಳಿಯ ಗಟ್ಟಿ. ಅಂಗೈಯಲ್ಲಿಟ್ಟು ಚಾಚಿದ.

"ತಗೋ. ಹೋದ ಸಲ ಇಳಿದದ್ದು ಪೂರ್ತಿ ನಿಂದೇ. ಅಗಲವಾಗಿ ಒಂದು ಕಡಗ ಮಾಡಿಸ್ತೀನಿ. ಆ ಕೈಗೇ ಹಾಕ್ಕೊಂಡ್ರೆ ಸೊಟ್ಟ ಅಂತ ಯಾರಿಗೂ ಕಾಣಲ್ಲ."

ತಂಗಿ ಫಿಲ್ಮನ್ನು ಮತ್ತೆ ತೊಟ್ಟಿಗೆ ಬಿಟ್ಟಳು. ಬಲ ತೋಳಿನ ಬಟ್ಟೆಯನ್ನು ಮೊಣಕೈವರೆಗೆ ಮಡಚಿ, ಮಣಿಕಟ್ಟನ್ನು ಅವನ ಕಣ್ಣೆದುರು ಹಿಡಿದಳು.

"ಬೇಡ," ಅಂದಳು. "ನಾಳೆ ಇದು ಸೊಟ್ಟಗೇ ಕಾಣಬೇಕು."