ಸಾಲ್ಟ್ ಯಾರ್ಡಿನ ಗುಂಡಿ

ಫೋನಿನ ಪರದೆಯ ಮೇಲೆ ಶೂಟಿಂಗ್ ಆಟದ ಆರು ಮ್ಯಾಪುಗಳ ಹೆಸರು ಗಿರಗಿರನೆ ಸುತ್ತಿ ಕೊನೆಗೆ ಸಾಲ್ಟ್ ಯಾರ್ಡ್ ಎಂಬಲ್ಲಿ ನಿಂತಿತು.

"ದೇವರು ಉಂಟು ಮಾರಾಯ," ಎಂದ ತುಷಾರ್, ದೇರೆಬೈಲಿನ ತನ್ನ ಮನೆಯಿಂದ. "ಈ ಮ್ಯಾಪ್ ಬೇಕೂಂತ ಯಾರೂ ಕೇಳುದಿಲ್ಲ. ಹಾಗಾಗಿ ಯಾರಿಗೂ ಸರಿ ಗೊತ್ತೂ ಇಲ್ಲ. ಫಿಯೋನಾ, ನೀನು ಗುಂಡಿಗೆ. ನಾನೂ ಇಲ್ಯಾಸೂ ಶೆಡ್ಡಿನ ಹತ್ತಿರ ಗಲಾಟೆ ಮಾಡ್ತೇವೆ."

ಬೋಳಾರದ ಮನೆಯ ಅಡುಗೆಕೋಣೆಯಲ್ಲಿ ನೆಲದ ಮೇಲೆ ಕುಳಿತಿದ್ದ ಫಿಯೋನಾ ಮೈಕ್ ಆನ್ ಮಾಡಿ, "ಹೋಗ್ತೇನೆ," ಎಂದಳು. ಕೂಡಲೇ ಆಫ್ ಮಾಡಿದಳು. ಒಳಗಿನ ಚಮಚದ ಸದ್ದು ಅವರಿಗೆ ಕೇಳಬಾರದು.

ಒಳಗಿನ ಕೋಣೆಯಲ್ಲಿ ಅಮ್ಮ ಕ್ರಿಸ್ಟಿನ್ ಮಲಗಿದ್ದಳು. ಸ್ಟ್ರೋಕ್ ಆಗಿ ನಾಲ್ಕು ವರ್ಷ. ಮಾತಿಲ್ಲ, ಎಡಗೈ ಮಾತ್ರ ಆಡುತ್ತದೆ. ಆ ಕೈಯಿಂದ ಮಂಚದ ಕಬ್ಬಿಣಕ್ಕೆ ಚಮಚ ಬಡಿಯುತ್ತಾಳೆ. ಒಂದು ಬಡಿದರೆ ನೀರು, ಎರಡು ಬಡಿದರೆ ಬೆಡ್‌ಪ್ಯಾನ್, ಮೂರು ಬಡಿದರೆ ಮಗ್ಗುಲು ಬದಲಿಸಬೇಕು. ಇಪ್ಪತ್ತು ವರ್ಷ ನರ್ಸ್ ಆಗಿದ್ದವಳು. ಅಗತ್ಯವಿಲ್ಲದೆ ಒಂದು ಸಲವೂ ಬಡಿದವಳಲ್ಲ.

ಆ ಗುಂಡಿ ಸಿಕ್ಕಿದ್ದೂ ಚಮಚದಿಂದಲೇ. ಬೇರೆ ಮ್ಯಾಪುಗಳಲ್ಲಿ ಫಿಯೋನಾ ಫೋನ್ ಕೆಳಗಿಟ್ಟು ಎದ್ದರೆ, ವಾಪಸ್ ಬರುವಷ್ಟರಲ್ಲಿ ಆಟದಲ್ಲಿ ಸತ್ತಿರುತ್ತಿದ್ದಳು. ಸಾಲ್ಟ್ ಯಾರ್ಡಿನಲ್ಲಿ ಮಾತ್ರ, ಮುರಿದ ದೋಣಿಯ ಹಿಂದೆ, ಉಪ್ಪಿನ ರಾಶಿಯ ಬುಡದಲ್ಲಿ ಒಂದು ಗುಂಡಿಯಿತ್ತು. ಅಲ್ಲಿ ಅಲುಗಾಡದೆ ಕೂತರೆ, ಬಗ್ಗಿ ನೋಡದ ಹೊರತು ಯಾರಿಗೂ ಕಾಣುವುದಿಲ್ಲ. ಅವಳು ಅಮ್ಮನ ಕೆಲಸ ಮುಗಿಸಿ, ಕೈ ತೊಳೆದು ಬರುವಾಗ ಆಟದ ಕೊನೆಯ ನಿಮಿಷ ನಡೆಯುತ್ತಿರುತ್ತಿತ್ತು. ಎದುರಾಳಿಗಳು ಅವಳಿಗೆ ಬೆನ್ನು ಹಾಕಿ ತುಷಾರ್‌ನನ್ನೋ ಇಲ್ಯಾಸ್‌ನನ್ನೋ ಅಟ್ಟುತ್ತಿರುತ್ತಿದ್ದರು. ಹಿಂದಿನಿಂದ ಹೊಡೆದರೆ ಮುಗಿಯಿತು. ತುಷಾರ್ ಇದನ್ನು ದೊಡ್ಡ ಉಪಾಯ ಎಂದುಕೊಂಡಿದ್ದ. ಅವಳು ಅಲ್ಲವೆನ್ನಲಿಲ್ಲ.

ಇವತ್ತು ಗೆದ್ದರೆ ಭಾನುವಾರ ಹಂಪನಕಟ್ಟೆಯ ಹಾಲ್‌ನಲ್ಲಿ ಫೈನಲ್. ಅಲ್ಲಿಗೇ ಹೋಗಿ ಆಡಬೇಕು. ಆ ಒಂದು ದಿನ ಅಮ್ಮನ ಹತ್ತಿರ ಕೂರಲು ಕುಲಶೇಖರದ ಆಂಟಿ ಒಪ್ಪಿದ್ದಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಫಿಯೋನಾ ಮೆಡಿಕಲ್, ರೇಷನ್ ಅಂಗಡಿ, ಇಗರ್ಜಿ ಬಿಟ್ಟು ಬೇರೆಲ್ಲಿಗೂ ಹೋದವಳಲ್ಲ. ಇಸ್ತ್ರಿ ಮಾಡಿದ ಚೂಡಿದಾರ ಮೂರು ದಿನದಿಂದ ಬಾಗಿಲ ಹಿಂದೆ ನೇತಾಡುತ್ತಿತ್ತು.

ಆರನೇ ನಿಮಿಷದಲ್ಲಿ ಇಲ್ಯಾಸ್‌ನ ಸ್ವರ ಬದಲಾಯಿತು. "ಇವರು ನಮ್ಮ ಹಳೇ ಆಟ ಎಲ್ಲೋ ನೋಡಿದ್ದಾರೆ. ಒಬ್ಬ ದೋಣಿ ಕಡೆ ಬಂದ. ಒಂದೊಂದೇ ರಾಶಿಯ ಬುಡ ಬಗ್ಗಿ ನೋಡ್ತಾ ಇದ್ದಾನೆ. ಫಿಯೋನಾ, ಪರದೆಯಿಂದ ಕಣ್ಣು ತೆಗೀಬೇಡ. ಅವ ಬಗ್ಗುವ ಮೊದಲು ನೀನು ಹೊಡೀಬೇಕು."

ಆಗ ಒಳಗಿನಿಂದ ಚಮಚದ ಸದ್ದು ಬಂತು. ಟಣ್, ಟಣ್.

"ಬಂದೆ ಮಮ್ಮಿ. ಒಂದೇ ನಿಮಿಷ."

ಪರದೆಯಲ್ಲಿ ಎರಡು ಬೂಟುಗಳು ಪಕ್ಕದ ರಾಶಿಗೆ ಬಂದು ನಿಂತವು.

"ಉಸಿರು ತೆಗೀಬೇಡ ಮಾರಾಯ್ತಿ," ಎಂದ ತುಷಾರ್.

"ಅವಳು ಯಾವಾಗ ಉಸಿರು ತೆಗೆದಿದ್ದಾಳೆ? ಅದು ಕಲ್ಲು," ಎಂದ ಇಲ್ಯಾಸ್.

ಟಣ್ ಟಣ್. ಈ ಸಲ ಅವಸರವಿತ್ತು. ಫಿಯೋನಾ ಬಾಗಿಲ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಒಂದು ಬಡಿದು, ತಡೆದು, ಮೆಲ್ಲಗೆ ಇನ್ನೊಂದು. ಅವಳು ಇಯರ್‌ಫೋನ್ ಒತ್ತಿಕೊಂಡು ಶಬ್ದ ಜಾಸ್ತಿ ಮಾಡಿದಳು. ಆಮೇಲೆ ಸಾಲ್ಟ್ ಯಾರ್ಡಿನ ಗಾಳಿ ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಒಂಬತ್ತನೇ ನಿಮಿಷದಲ್ಲಿ ಇಲ್ಯಾಸ್ ಶೆಡ್ಡಿನ ಹತ್ತಿರ ಬಾಂಬ್ ಎಸೆದ. ಬೂಟುಗಳು ಆ ಕಡೆ ತಿರುಗಿದವು. ಫಿಯೋನಾ ಗುಂಡಿಯಿಂದ ಎದ್ದು ಹೊಡೆದಳು. ಮೊದಲು ಅವನು, ಆಮೇಲೆ ಶೆಡ್ಡಿನ ಎದುರು ಬೆನ್ನು ಹಾಕಿ ನಿಂತಿದ್ದ ಇಬ್ಬರು.

"ಭಾನುವಾರ ಒಂಬತ್ತು ಗಂಟೆಗೆ," ತುಷಾರ್ ನಗುತ್ತಿದ್ದ. "ಲೇಟ್ ಮಾಡಿದ್ರೆ ಬಿಟ್ಟು ಹೋಗ್ತೇವೆ. ಅಲ್ಲ, ಅಷ್ಟು ಹೊತ್ತು ಹೇಗೆ ಕೂರ್ತಿ ನೀನು? ನಮಗೂ ಹೇಳಿಕೊಡು."

ಫಿಯೋನಾ ಮೈಕ್ ಆನ್ ಮಾಡಿದಳು. ಅವಳಿಗೂ ನಗು ಬಂದಿತ್ತು. "ಎಂತ ಇಲ್ಲ. ಶಬ್ದ ಮಾಡದವರನ್ನು ಯಾರೂ ಹುಡುಕುದಿಲ್ಲ," ಎಂದು ಗಟ್ಟಿಯಾಗಿಯೇ ಹೇಳಿದಳು.

ಇಯರ್‌ಫೋನ್ ತೆಗೆದಾಗ ಫ್ರಿಜ್ಜಿನ ಗುಯ್ ಸದ್ದೊಂದೇ ಇತ್ತು.

ಒಳಗೆ ಹಾಸಿಗೆ ಪೂರ್ತಿ ಒದ್ದೆಯಾಗಿ, ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಮ್ಮ ಒಂದೇ ಕೈಯಿಂದ ನೈಟಿಯನ್ನು ಎಟುಕಿದಷ್ಟು ಕೆಳಗೆ ಎಳೆದುಕೊಂಡಿದ್ದಳು. ಚಮಚ ಪಕ್ಕದ ಸ್ಟೂಲಿನ ಮೇಲಿತ್ತು, ಆಸ್ಪತ್ರೆಯ ಟ್ರೇಯಲ್ಲಿ ಇಟ್ಟ ಹಾಗೆ ನೇರವಾಗಿ.

"ಮಮ್ಮಿ, ಇನ್ನು ಹೀಗೆ ಮಾಡುದಿಲ್ಲ," ಎಂದಳು ಫಿಯೋನಾ. ಬಟ್ಟೆ ಬದಲಿಸಿದಳು, ಮೈ ಒರೆಸಿದಳು, ಒಣ ಚಾದರ ಹಾಸಿದಳು. ಅಮ್ಮ ತಿರುಗಿಸಿದ ಕಡೆ ತಿರುಗಿದಳು. ಕಣ್ಣು ಮಾತ್ರ ಹಂಚಿನ ಮಾಡಿನಲ್ಲಿತ್ತು.

ಕೊನೆಗೆ ಫಿಯೋನಾ ಚಮಚವನ್ನು ಅಮ್ಮನ ಕೈಗಿಟ್ಟಳು. "ಬಡಿ ಮಮ್ಮಿ. ಒಂದು ಸಲ."

ಬೆರಳುಗಳು ಮುಚ್ಚಲಿಲ್ಲ. ಚಮಚ ಜಾರಿ ನೆಲಕ್ಕೆ ಬಿತ್ತು. ಟಣ್.

ಒಂದು. ಫಿಯೋನಾ ಅಡುಗೆಕೋಣೆಗೆ ಓಡಿಹೋಗಿ ಲೋಟದಲ್ಲಿ ನೀರು ತಂದಳು. ತಲೆಗೆ ಕೈ ಕೊಟ್ಟು ಎತ್ತಿ ಲೋಟವನ್ನು ಬಾಯಿಗೆ ಹಿಡಿದಳು. ತುಟಿ ತೆರೆಯಲಿಲ್ಲ. ನೀರು ಗಲ್ಲದಿಂದ ಕುತ್ತಿಗೆಗೆ ಇಳಿದು, ಈಗಷ್ಟೇ ಹಾಸಿದ ಚಾದರವನ್ನು ಒದ್ದೆ ಮಾಡಿತು.